ನೀರು ಹಿಡಿಯದ ಕೋಟು

ಸ್ಕಾಟ್ಲೆಂಡ್, ೨೦–೧೦–೧೯೭೯

ಅಕ್ಕಾ, ಎಂತ ಮಾಡುದು ಎಂದೇ ಗೊತ್ತಾಗುತ್ತಿಲ್ಲ.

ದೊಡ್ಡಮಾವ ತೀರಿಹೋದ ತಂತಿ ಗೇಟಿನಲ್ಲೇ ಸಿಕ್ಕಿತು. “ಸಾವಿನ ಸುದ್ದಿ ಕೇಳಿದ್ರೆ ಉಟ್ಟ ಬಟ್ಟೆಯಲ್ಲೇ ಮೀಯ್ಬೇಕು” ಎಂದು ಅಜ್ಜಿ ಹೇಳುತ್ತಾರಲ್ಲ! ನಮ್ಮ ರಾಮಕುಂಜದಲ್ಲಾದರೆ ಹೊಳೆಗೆ ಇಳಿಯುತ್ತಿದ್ದೆ. ಇಲ್ಲಿ ಅಂಗಳದ ನಲ್ಲಿಯ ಕೆಳಗೆ ಕೂತೆ. ಮೈಮೇಲೆ ಇದ್ದದ್ದು ನಾನಿರುವ ಮನೆಯ ಯಜಮಾನ ಮುದುಕ ಕೊಟ್ಟ, ಮೇಣ ಸವರಿದ ಕೋಟು. ಅವನ ಅಪ್ಪನ ಕಾಲದ್ದು. ಸೋಪು, ಬಿಸಿನೀರು ತಾಗಿಸಿದರೆ ಕೆಟ್ಟುಹೋಗುತ್ತದಂತೆ, ಇವತ್ತಿನವರೆಗೆ ಒಗೆದದ್ದೇ ಇಲ್ಲ. ನೀರೆಲ್ಲ ಕೆಸುವಿನ ಎಲೆಯ ಮೇಲಿನಂತೆ ಜಾರಿತು, ಒಳಗಿನ ಅಂಗಿ ಒದ್ದೆಯೇ ಆಗಲಿಲ್ಲ. ಇದು ಮಿಂದ ಲೆಕ್ಕವೋ, ಅಲ್ಲವೋ? ಅಜ್ಜಿಯಲ್ಲಿ ಕೇಳಿ ಕೂಡಲೇ ಬರೆ.

ಕೋಟನ್ನು ಬೇಲಿಗೆ ಹಾಕಿದ್ದೇನೆ, ತಲೆ ನೆನೆದು ನನಗೆ ಶೀತ, ಕೆಮ್ಮು. ಮುದುಕ ಪಾಪ, ನನ್ನ ಕೆಮ್ಮು ಕೇಳಿ ಕೋಟಿಗೆ ಮೇಣ ಸಾಲದೆಂದು ಅದಕ್ಕೆ ಮತ್ತೆ ಮೇಣ ಉಜ್ಜುತ್ತಿದ್ದಾನೆ. ಸೂತಕದ ಕೋಟು ಮುಟ್ಟಿದ ಅವನನ್ನು ಮೀಯಿಸುದು ಹೇಗೆ, ಅದನ್ನೂ ಕೇಳು.

ದುಗ್ಗಪ್ಪ