ಹೂವು ಹಿಡಿಯುವವಳು

ನವೆಂಬರ್ 11, ಸೋಮವಾರ. ಕುಷ್ಟಗಿ

ಬೀಜ ಕಂಪನಿಯ ನೆಟ್‌ಹೌಸಿನಲ್ಲಿ, ಬಲೆ ಕಟ್ಟಿದ ಈ ತೋಟದಲ್ಲಿ, ಮತ್ತೆ ಅದೇ ದೂರು. ಟೊಮೆಟೊ ಹೂವು ಉದುರುತ್ತಿದೆ, ಕಾಯಿ ಕಟ್ಟುತ್ತಿಲ್ಲ. ಕಾಯಿ ಇಲ್ಲದಿದ್ದರೆ ಬೀಜ ಎಲ್ಲಿಂದ? ಸಂಜೆ ಮೊಗ್ಗು ಬಿಡಿಸಿ ಗಂಡುಕೇಸರ ತೆಗೆಯುವವಳು ಫಕೀರಮ್ಮ. ಮರುದಿನ ಬೆಳಿಗ್ಗೆ, ಬೆರಳಿನ ಉಂಗುರದಲ್ಲಿ ಪರಾಗ ತುಂಬಿಕೊಂಡು ಅದೇ ಹೂವಿಗೆ ಮುಟ್ಟಿಸುವವಳು ಗೌಸಬೀ. ಒಬ್ಬಳು ಬರುವಷ್ಟರಲ್ಲಿ ಇನ್ನೊಬ್ಬಳು ಹೋಗಿರುತ್ತಾಳೆ. ಬೈಗುಳ ಮಾತ್ರ ಮೇಲ್ವಿಚಾರಕಿ ನನ್ನ ಮೂಲಕ ಓಡಾಡುತ್ತದೆ.

ಹೆಡ್ ಆಫೀಸಿನ ಮೇಲ್: ತಪ್ಪು ಯಾರದು, ತಿಳಿಸಿ. ತಿಳಿಸಿದರೆ ಒಬ್ಬಳ ಕೆಲಸ ಹೋಯಿತು.

ನವೆಂಬರ್ 13

ಟೀಮ್ ಬಿಲ್ಡಿಂಗ್ ಅಂತ ಗಂಗಾವತಿಯಿಂದ ಟ್ರೇನರ್ ಬಂದಿದ್ದ. ಬಲೂನು ಕೆಳಗೆ ಬೀಳದಂತೆ ಎಲ್ಲರೂ ಸೇರಿ ತಡೆಯಬೇಕಂತೆ. ಹೆಂಗಸರು ನಕ್ಕರು. ಗೌಸಬೀ ಒಂದು ಬಲೂನು ಮೊಮ್ಮಗಳಿಗೆ ಒಯ್ದಳು. ಅಷ್ಟೇ ಲಾಭ.

ನಾಳೆ ಸಂಜೆ ಇಬ್ಬರನ್ನೂ ಕರೆದಿದ್ದೇನೆ. ಫಕೀರಮ್ಮನ ಕೆಲಸ ಗೌಸಬೀ ಮಾಡಿ ನೋಡಲಿ.

ನವೆಂಬರ್ 14, ಸಂಜೆ

ಗೌಸಬೀ ಚಿಮಟ ಹಿಡಿದಳು. ಕೇಸರದ ಜೊತೆ, ಪರಾಗ ಹಚ್ಚಬೇಕಾದ ನಡುವಿನ ಎಳೆಯೂ ಕಿತ್ತು ಬಂತು. ಮತ್ತೆ ಮತ್ತೆ. ಫಕೀರಮ್ಮ ಕುಟುಕಲಿಲ್ಲ. ಗೌಸಬೀ ಮೊಗ್ಗನ್ನು ಮೂಗಿನ ತನಕ ತರುವುದನ್ನೇ ನೋಡುತ್ತಿದ್ದಳು…

ನನಗೂ ಹೊಳೆಯಿತು. ಗೌಸಬೀಯ ಕಣ್ಣು ಮಂಜು. ಬೆಳಿಗ್ಗೆ ಪರಾಗ ಗುರಿ ತಪ್ಪುತ್ತಿದೆ.

ಎಲ್ಲರೂ ಹೋದ ಮೇಲೆ ಫಕೀರಮ್ಮ ಬಂದಳು. “ಆಕಿ ಹೆಸರ ಬರಿಬ್ಯಾಡ್ರಿ ಮೇಡಂ. ಮುಂಜಾನೆ ನಾನೂ ಬರ್ತೀನಿ. ಹೂವ ನಾ ಹಿಡಿತೀನಿ, ಆಕಿ ಹಚ್ಚಲಿ.”

ನಿನ್ನೆಯವರೆಗೂ ಬೈಯುತ್ತಿದ್ದೆಯಲ್ಲ ಎಂದೆ.

“ಬೈಯಾಕಾದ್ರೂ ಆಕಿ ಇರಬೇಕಲ್ರಿ.”

ಡಿಸೆಂಬರ್ 2

ಕಾಯಿ ಕಟ್ಟಿವೆ. ಆ ಮೇಲ್‌ಗೆ ನಾನು ಯಾರ ಹೆಸರೂ ಬರೆಯಲಿಲ್ಲ. ಇಬ್ಬರ ಜಗಳ ಈಗ ಎದುರಾಬದುರಾ, ಗಿಡದ ಎರಡೂ ಬದಿಯಿಂದ. ಬಿಡುವಿನಲ್ಲಿ ಓದಲೆಂದು ಬ್ಯಾಗಿನಲ್ಲಿ ತರುವ ಕವಿತೆ ಪುಸ್ತಕ ತೆರೆದೇ ಇಲ್ಲ. ಇವರ ಮಾತು ಕೇಳುತ್ತ ನಿಂತುಬಿಡುತ್ತೇನೆ.

ಗೌಸಬೀಗೆ ಕಣ್ಣಿನ ಪೊರೆ. ಮುಂದಿನ ವಾರ ಕೊಪ್ಪಳದಲ್ಲಿ ಆಪರೇಷನ್. ಅಷ್ಟರೊಳಗೇ ಹೆಡ್ ಆಫೀಸಿನ ಪ್ರಭುರಾಜ ಸಾಹೇಬರು ಬರುತ್ತಾರಂತೆ — ಒಂದು ಸಾಲಿಗೆ ಇಬ್ಬರು ಯಾಕೆ, ಕೇಳಲಿಕ್ಕೆ.

ಡಿಸೆಂಬರ್ 6, ಶುಕ್ರವಾರ

ಬಂದರು. ಗೌಸಬೀ ಒಬ್ಬಳೇ ಮಾಡಿ ತೋರಿಸಲಿ ಎಂದರು. ಅವಳ ಕೈ ಗಾಳಿಯಲ್ಲೇ ನಿಂತಿತು. ಫಕೀರಮ್ಮ ನನ್ನತ್ತ ನೋಡಲೂ ಇಲ್ಲ. ನೇರ ಹೋಗಿ ಹೂವು ಹಿಡಿದಳು. “ನಮ್ಮ ಸಾಲಿನ್ಯಾಗ ಹಿಂಗ ಮಾಡ್ತೀವ್ರಿ ಸಾಹೇಬ್ರ.”

ಇದು ನಿಮ್ಮ ಪದ್ಧತಿಯೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಸಾಲಿನುದ್ದಕ್ಕೂ ಕಾಯಿ ಮುಟ್ಟಿ ನೋಡಿದರು. ಬಹಳ ಹೊತ್ತು. ಉಳಿದ ಸಾಲುಗಳಿಗೂ ಹೀಗೇ ಜೋಡಿ ಹಾಕಿ ಎಂದು ಹೇಳಿ ಕಾರು ಹತ್ತಿದರು.

ಗೌಸಬೀ ಇದ್ದಲ್ಲೇ ಕೂತುಬಿಟ್ಟಳು. “ಏಳವಾ, ಬಿಸಲೇರಿದ್ರ ಹೂವ ಬಾಡ್ತಾವ” ಎಂದಳು ಫಕೀರಮ್ಮ. ಆಮೇಲೆ ತಾನೂ ಪಕ್ಕದಲ್ಲಿ ಕೂತಳು. ನಾನೂ ಹೋಗಿ ಅವರಿಬ್ಬರ ಪಕ್ಕ ಕೂತೆ.