ಒಳಮನೆಯ ಕಾವಲುಗಾರ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಲ್ಲದಿದ್ದರೆ ನೀನು ಗಾಬರಿಬಿದ್ದು ಕೊನೆಯ ಸಾಲಿನಿಂದಲೇ ಓದಲು ಶುರುಮಾಡುತ್ತೀಯ. ನಿನ್ನ ಚಾಳಿ ನನಗೆ ಗೊತ್ತಿಲ್ಲವೇ? ನಾನು ಬರೆದದ್ದನ್ನು ನಿನ್ನ ಅಳಿಯ ಒಮ್ಮೆ ಓದಿ, ಒತ್ತಕ್ಷರ ತಿದ್ದಿ, ಆಮೇಲೆ ತಾವೇ ಅಂಚೆಗೆ ಹಾಕುತ್ತಾರೆ. ಎಷ್ಟು ಗಂಡಂದಿರಿಗೆ ಇಷ್ಟು ತಾಳ್ಮೆ ಇದೆ ಹೇಳು. ಫೋನು ಅತ್ತೆಯ ದಿಂಬಿನ ಪಕ್ಕದಲ್ಲಿರುತ್ತದೆ, ಅದಕ್ಕೇ ಈ ಕಾಗದ.

ನಮ್ಮ ನಾಯಿ ಜುಟ್ಟು ಹೇಗಿದೆ ಎಂದು ಕೇಳಿದ್ದೀಯ. ಹೋದ ಸಲ ಬಂದಾಗ ಅದನ್ನು ನೋಡಿ ನೆಲ ಒರೆಸುವ ಬಟ್ಟೆಗೆ ಕಾಲು ಬಂದಿದೆ ಎಂದು ನಕ್ಕೆಯಲ್ಲ, ಇವರಿಗೆ ಅದರ ಬೇಸರ ಇನ್ನೂ ಹೋಗಿಲ್ಲ. ಅದು ಲಾಸಾ ಆಪ್ಸೊ ಅಮ್ಮ, ಟಿಬೆಟ್ಟಿನ ಜಾತಿ. ಬಂದವರಿಗೆಲ್ಲ ಇವರು ಒಪ್ಪಿಸುವ ಪಾಠ ನನಗೂ ಬಾಯಿಪಾಠವಾಗಿಬಿಟ್ಟಿದೆ. ಅಲ್ಲಿಯ ಬೌದ್ಧ ಮಠಗಳಲ್ಲಿ ಹೊರಬಾಗಿಲಿಗೆ ಕರಡಿಯಂಥ ದೊಡ್ಡ ನಾಯಿಯನ್ನು ಕಟ್ಟಿ, ಒಳಗೆ ಇದನ್ನು ಬಿಡುತ್ತಿದ್ದರಂತೆ. ದೊಡ್ಡದರ ಕಣ್ಣು ತಪ್ಪಿಸಿ ಯಾರಾದರೂ ನುಸುಳಿದರೆ ಇದು ಬೊಗಳಿ ಎಲ್ಲರನ್ನೂ ಎಬ್ಬಿಸುತ್ತಿತ್ತಂತೆ. ಕೂದಲು ಕಣ್ಣಿನ ಮೇಲೆಯೇ ಇಳಿದಿರುತ್ತದೆ, ದಿನಾ ಬಾಚಿ ಜುಟ್ಟು ಕಟ್ಟುವವಳು ನಾನು. ಕಿವಿ ಮಾತ್ರ ಸೂಜಿ ಬಿದ್ದರೂ ಕೇಳಿಸಿಕೊಳ್ಳುತ್ತದೆ. ಹಿಂದೆ ಇದನ್ನು ಮಾರುತ್ತಿರಲಿಲ್ಲವಂತೆ, ಒಳ್ಳೆಯದಾಗಲಿ ಎಂದು ಉಡುಗೊರೆಯಾಗಿ ಕೊಡುತ್ತಿದ್ದರಂತೆ. ನನಗೂ ಉಡುಗೊರೆಯಾಗಿಯೇ ಬಂತು. ನೀನು ನನ್ನನ್ನು ಕೊಟ್ಟ ವರ್ಷವೇ.

ಅತ್ತೆಗೆ ಮಂಡಿನೋವು, ಪಕ್ಕದ ಕೋಣೆಯಿಂದ ಏಳುವುದು ಕಡಿಮೆ. ಆದರೆ ಜುಟ್ಟಿನ ಭಾಷೆ ಅವರಿಗೆ ಪೂರ್ತಿ ಗೊತ್ತು. ಹಾಲಿನವನಿಗೆ ಒಂದು ಬಗೆಯ ಬೊಗಳು, ಪಕ್ಕದ ಮನೆಯವರಿಗೆ ಇನ್ನೊಂದು, ನಾನು ಚಪ್ಪಲಿ ಮೆಟ್ಟಿದರೆ ಬೇರೆಯದೇ. ಅದು ಕೇಳಿದ ಕೂಡಲೇ ಅತ್ತೆ ಮಗನಿಗೆ ಫೋನು ಹಚ್ಚುತ್ತಾರೆ. ನನ್ನ ಹಳೆಯ ಟೈಲರಿಂಗ್ ಕೆಲಸ ಮತ್ತೆ ಸಿಗುತ್ತದೋ ಕೇಳಿ ಬರೋಣವೆಂದು ಹೊರಟ ದಿನ, ಬಸ್ಸು ಬರುವ ಮೊದಲೇ ಇವರ ಕಾರು ಬಂದು ನಿಂತಿತು. “ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಬಿಡ್ತೀನಿ. ಒಬ್ಳೇ ಯಾಕೆ ಒದ್ದಾಡ್ತೀಯ?” ಅಂದರು. ಹತ್ತಿದೆ. ಕಾರು ಮನೆಗೇ ಬಂತು. ದನಿ ಕೂಡ ಏರಿಸಲಿಲ್ಲ ಪುಣ್ಯಾತ್ಮರು.

ಇನ್ನೊಂದು ಸಲ ನಿನ್ನ ಮನೆಯವರೆಗೂ ಬಂದಿದ್ದೆನಲ್ಲ. ನಾನು ಮುಖ ತೊಳೆದು ಬರುವಷ್ಟರಲ್ಲಿ ನೀನು ಇವರಿಗೆ ಫೋನು ಮಾಡಿ ಮುಗಿಸಿದ್ದೆ. “ಹೊಡೀತಾನಾ, ಬಡೀತಾನಾ? ಇನ್ನೇನೇ ಬೇಕು ನಿಂಗೆ?” ಎಂದು ಕೇಳಿದೆ. ಹೊಡೆಯುವುದಿಲ್ಲ ಅಮ್ಮ. ಇವರೂ ಓದಲಿ ಎಂದು ಇಲ್ಲಿ ಬರೆದಿದ್ದೇನೆ.

ಈಗ ಆ ಹುಚ್ಚೆಲ್ಲ ಬಿಟ್ಟಿದ್ದೇನೆ. ಹಿಮ್ಮಡಿ ನೋವು ಬೇರೆ ಶುರುವಾಗಿದೆ, ಅಡುಗೆಮನೆಯಲ್ಲೂ ಚಪ್ಪಲಿ ಹಾಕಿಕೊಂಡೇ ಓಡಾಟ. ಮೊದಮೊದಲು ಜುಟ್ಟು ಹೆಜ್ಜೆಹೆಜ್ಜೆಗೂ ಬೊಗಳಿ ಗಂಟಲು ಕೆಡಿಸಿಕೊಂಡಿತು. ಯಾರದು ಎಂದು ಅತ್ತೆ ಕೂಗುವುದು, ನಾನೇ, ಹಿಮ್ಮಡಿ ಎಂದು ನಾನು ಕೂಗುವುದು. ಈಗ ಅದಕ್ಕೂ ಅತ್ತೆಗೂ ಸಾಕಾಗಿದೆ. ಜೊತೆಗೆ ನನಗೊಂದು ಗೀಳು ಹತ್ತಿದೆ, ಕಾಲೊರಸು ಒದರುವುದು. ಹೊತ್ತುಹೊತ್ತಿಗೆ ಬಾಗಿಲು ತೆಗೆಯುವುದು, ಒದರುವುದು, ಹಾಕುವುದು. ಮನೆ ಈಗ ಮನೆಯಂತಿದೆ ಎಂದು ಇವರು ಮೆಚ್ಚಿಕೊಂಡರು.

ಜುಟ್ಟಿಗೆ ಆರು ವರ್ಷ. ಈ ಜಾತಿ ಹದಿನೈದು ವರ್ಷವೂ ಬಾಳುತ್ತದಂತೆ. ಹಾಗಾಗಿ ನನಗೆ ಜೊತೆಯ ಕೊರತೆಯಿಲ್ಲ, ಚಿಂತೆ ಮಾಡಬೇಡ.

ಇಂತಿ,
ನಿನ್ನ ಮಗಳು

ಬಿಟ್ಟುಹೋದದ್ದು: ನೀನು ಇದನ್ನೇ ಮೊದಲು ಓದುತ್ತಿರುತ್ತೀಯ, ಓದು. ಮೇಲಿನದೆಲ್ಲ ನಿನ್ನ ಅಳಿಯ ನಿನ್ನೆ ರಾತ್ರಿ ಓದಿ ತಿದ್ದಿದ್ದು. ಇವತ್ತು ಬೆಳಗ್ಗೆ ಅವಸರದಲ್ಲಿ ಕಾಗದವನ್ನು ಮೇಜಿನ ಮೇಲೆ ಬಿಟ್ಟುಹೋದರು. ಇದನ್ನು ಅವರು ಓದಿಲ್ಲ.

ನನ್ನ ಹಿಮ್ಮಡಿಗೆ ಏನೂ ಆಗಿಲ್ಲ ಅಮ್ಮ. ಜುಟ್ಟಿನ ಬಾಯಿ ಮುಚ್ಚಿಸಲು ಬಿಸ್ಕತ್ತು ಕೊಟ್ಟು ನೋಡಿದ್ದೆ. ತಿಂದು, ಮೂತಿ ನೆಕ್ಕಿಕೊಂಡು, ಆಮೇಲೆ ಬೊಗಳಿತು. ಅದರ ಕೂದಲು ಕತ್ತರಿಸಲು ಬರುವಾಕೆ ಒಂದು ದಿನ ಹೇಳಿದಳು, “ಇದು ಮೊಂಡು ಜಾತಿ, ಗದರಿದ್ರೆ ಇನ್ನೂ ಜೋರು ಮಾಡುತ್ತೆ. ದಿನಾ ಕೇಳೋ ಸದ್ದಿಗಾದ್ರೆ ತಲೆ ಕೆಡಿಸ್ಕೊಳ್ಳಲ್ಲ.” ಅವತ್ತಿನಿಂದ ನಾನು ಮನೆ ಬಿಟ್ಟು ಹೋಗುವ ಸದ್ದನ್ನು ದಿನಾ ಮಾಡುತ್ತಾ ಬಂದೆ. ಇವತ್ತೂ ಚಪ್ಪಲಿ ಮೆಟ್ಟಿದೆ, ಬಾಗಿಲು ತೆಗೆದೆ, ಕಾಲೊರಸು ಒದರಿದೆ, ಬಾಗಿಲು ಹಾಕಿದೆ. ಹಾಕಿದ್ದು ಹೊರಗಿನಿಂದ.

ಈಗ ಟೈಲರಿಂಗ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಗಡಿಯ ಅಕ್ಕ ನನ್ನ ಹಳೆಯ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಾಳೆ, ಹಿಂದಿನ ಕೋಣೆಯಲ್ಲಿ ಇರು ಎಂದಿದ್ದಾಳೆ. ಇವರು ಇಲ್ಲಿಗೂ ಬರುತ್ತಾರೆ, ಬರಲಿ. ಇಷ್ಟು ಹೆಂಗಸರ ಮುಂದೆ ಕಾರಿನ ಬಾಗಿಲು ತೆಗೆದು ಕರೆಯಲಿ, ನಾನು ಹತ್ತುವುದಿಲ್ಲ. ನಿನ್ನ ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಬೇಡ, ನಿನಗೆ ಗೊತ್ತು. ಬರೆಯಲು ಸಂಕಟವಾಗುತ್ತದೆ, ಆದರೂ ನಿಜ. ನನ್ನನ್ನು ನೋಡಬೇಕೆನಿಸಿದರೆ ಬಾ. ಯಾರಿಗೂ ಫೋನು ಮಾಡದೆ, ಒಬ್ಬಳೇ ಬಾ.

ಜುಟ್ಟು ಕಿಟಕಿಯ ಕಟ್ಟೆಯ ಮೇಲೆ ಮಲಗಿತ್ತು. ತಲೆ ಎತ್ತಿ ನನ್ನ ಕಡೆ ನೋಡಿತು, ಮತ್ತೆ ಮಲಗಿತು. ನಾನು ಗೇಟಿನ ಹತ್ತಿರ ಒಂದು ಗಳಿಗೆ ನಿಂತೆ ಅಮ್ಮ, ಒಂದೇ ಒಂದು ಸಲ ಬೊಗಳಲಿ ಎಂದು.