ಕಣ್ಣಿನ ಹಿಂದಿನ ತೂತು

ಮೂಳೆರಾಣಿ,

ನಿನ್ನ ವಿಳಾಸ ನನ್ನಲ್ಲಿಲ್ಲ, ಆದರೂ ಬರೆಯುತ್ತಿದ್ದೇನೆ. ನಾವಿಬ್ಬರೂ ಕಲ್ಲಿನಿಂದ ಬಿಡಿಸಿದ್ದ ಆ ಪುರಾತನ ಆಮೆಯ ತಲೆಬುರುಡೆಯನ್ನು ಇವತ್ತು ಸ್ಕ್ಯಾನ್ ಮಾಡಿಸಿದೆ. ಕಣ್ಣಿನ ಹಿಂದಿನ ತೂತು ನೋಡಿ ಸ್ಕ್ಯಾನ್ ಮಾಡುವವರು, "ಇದು ಒಡೆದದ್ದಲ್ಲ ಮೇಡಂ. ಅಂಚು ಎಷ್ಟು ನುಣ್ಣಗಿದೆ ನೋಡಿ, ಹುಟ್ಟಿನಿಂದಲೇ ಇದ್ದದ್ದು" ಅಂದರು.

ಅಲ್ಲಿ ತೂತಿರುವುದು ಹಲ್ಲಿ, ಮೊಸಳೆಗಳಿಗೆ, ಆಮೆಗಲ್ಲ ಎಂದು ನಂಬಿದ್ದವಳು ನಾನು. ಹಾಗಾದರೆ ಇವೆಲ್ಲ ಹತ್ತಿರದ ನೆಂಟರೇ? ತಲೆ ಕೆಟ್ಟುಹೋಗಿದೆ. ನೀನು ಕೆಲಸ ಬಿಟ್ಟ ದಿನ "ನಾನು ಒಡೆದಿಲ್ಲ ಕಣೇ" ಅಂದಿದ್ದೆಯಾ, ಇಲ್ಲ ಈಗ ನಾನೇ ಕಲ್ಪಿಸಿಕೊಳ್ಳುತ್ತಿದ್ದೇನಾ?

ಪೆಟ್ಟಿಗೆಯ ಚೀಟಿಯಲ್ಲಿ ನನ್ನದೇ ಅಕ್ಷರ: "ಬಿಡಿಸುವಾಗ ಒಡೆದವರು", ಮುಂದೆ ನಿನ್ನ ಹೆಸರು. ಆ ಇಡೀ ಸಾಲನ್ನು ಗೀಟೆಳೆದು ಹೊಡೆದುಹಾಕಿದೆ. ಆಮೇಲೆ ನೋಡಿದರೆ, ಆ ಆಮೆಯ ಕಾಗದಪತ್ರಗಳಲ್ಲಿ ನಿನ್ನ ಹೆಸರು ಇದ್ದದ್ದು ಅದೊಂದೇ ಕಡೆ.